ಫೇರ್ ಮತ್ತು ಫೈನ್: ಹಲವು ಅರ್ಥಗಳ ಎರಡು ಇಂಗ್ಲಿಷ್ ಪದಗಳನ್ನು ಹೋಲಿಸುವುದು ಹೇಗೆ?

ಕೆಲವು ವರ್ಷಗಳ ಹಿಂದೆ ಒಂದು ಹಳೆಯ ಇಂಗ್ಲಿಷ್ ನಿಘಂಟನ್ನು ಆನ್‌ಲೈನ್‌ನಲ್ಲಿ ತರಿಸಿಕೊಂಡೆ. ಸೆಕೆಂಡ್ ಹ್ಯಾಂಡ್ ಪ್ರತಿ. ಪುಸ್ತಕದ ಸ್ಥಿತಿ ಹೇಗಿದೆ ಎಂದು ಹೇಳುವ ಜಾಗದಲ್ಲಿ ‘ಫೇರ್’ ಎಂದು ಬರೆದಿತ್ತು. ಫೇರ್ ಅಂದರೆ ಚೆನ್ನಾಗಿಯೇ ಇರುತ್ತದೆ ಎಂದುಕೊಂಡೆ. ಬಂದ ಪುಸ್ತಕದ ಬೆನ್ನು ಸಡಿಲವಾಗಿತ್ತು. ರಟ್ಟಿನ ಮೂಲೆಗಳು ಸವೆದು ದುಂಡಗಾಗಿದ್ದವು. ರಟ್ಟು ತೆರೆದ ಕೂಡಲೇ ಇರಬೇಕಾದ ಖಾಲಿ ಹಾಳೆ ಇರಲೇ ಇಲ್ಲ. ತುಂಬಾ ಬೇಜಾರಾಯಿತು.

ಆಮೇಲೆ ಹುಡುಕಿ ನೋಡಿದಾಗ ಗೊತ್ತಾಯಿತು, ಮಾರಿದವರು ಸರಿಯಾಗಿಯೇ ಹೇಳಿದ್ದರು. ಹಳೆ ಪುಸ್ತಕಗಳ ವ್ಯಾಪಾರದಲ್ಲಿ ದರ್ಜೆಗಳು ಮೇಲಿನಿಂದ ಕೆಳಕ್ಕೆ ಹೀಗಿವೆ: ಆ್ಯಸ್ ನ್ಯೂ, ಫೈನ್, ವೆರಿ ಗುಡ್, ಗುಡ್, ಫೇರ್, ಪೂರ್. ಫೇರ್ ಅಂದರೆ ಕೆಳಗಿನಿಂದ ಎರಡನೆಯದು. ಓದುವ ಪುಟಗಳೆಲ್ಲ ಇರಬೇಕು, ಆದರೆ ಖಾಲಿ ಹಾಳೆ ಹೋಗಿರಬಹುದು, ಬೈಂಡಿಂಗ್ ಸವೆದಿರಬಹುದು. ನನ್ನ ತಲೆಯಲ್ಲಿ ಫೇರ್ ಮತ್ತು ಫೈನ್ ಎರಡೂ ಸುಮಾರಾಗಿ ಒಂದೇ ಜಾಗದಲ್ಲಿ ಕೂತಿದ್ದವು. ಅಲ್ಲಿ ನೋಡಿದರೆ ನಡುವೆ ಎರಡು ಮೆಟ್ಟಿಲುಗಳ ಅಂತರ.

ಅವತ್ತಿನಿಂದ ಇಂಥ ಜೋಡಿ ಪದಗಳನ್ನು ಕೂತು ಹೋಲಿಸುವುದು ನನಗೆ ಪ್ರೀತಿಯ ಕೆಲಸವಾಗಿದೆ. ಅದನ್ನು ಮಾಡುವ ಬಗೆಯನ್ನು ಇದೇ ಎರಡು ಪದಗಳನ್ನು ಹಿಡಿದು ಇಲ್ಲಿ ತೋರಿಸುತ್ತೇನೆ. ಅನುವಾದ ಮಾಡುವವರಿಗೆ, ಪರೀಕ್ಷೆಗೆ ಓದುವವರಿಗೆ, ಇಂಗ್ಲಿಷ್ ಕಲಿಸುವವರಿಗೆ ಎಲ್ಲರಿಗೂ ಇದು ಉಪಯೋಗಕ್ಕೆ ಬರುತ್ತದೆ. ಒಂದು ಮಾತನ್ನು ಮೊದಲೇ ಹೇಳಿಬಿಡುತ್ತೇನೆ. ‘ಫೇರ್‌ಗೂ ಫೈನ್‌ಗೂ ಏನು ವ್ಯತ್ಯಾಸ?’ ಎಂದು ಕೇಳಿದರೆ ಉತ್ತರ ಸಿಗುವುದಿಲ್ಲ. ಫೇರ್‌ನ ಈ ಅರ್ಥಕ್ಕೂ ಫೈನ್‌ನ ಆ ಅರ್ಥಕ್ಕೂ ಏನು ವ್ಯತ್ಯಾಸ ಎಂದು ಕೇಳಬೇಕು. ಪದದ ಎದುರು ಪದ ಇಡುವುದಲ್ಲ, ಅರ್ಥದ ಎದುರು ಅರ್ಥ ಇಡುವುದು.

ಮೊದಲು, ಯಾವ ಪದ ಎಂದು ಗೊತ್ತು ಮಾಡಿಕೊಳ್ಳಿ

ಇದು ಸಣ್ಣ ಕೆಲಸ, ಆದರೆ ಬಿಟ್ಟರೆ ಮುಂದೆ ಎಲ್ಲವೂ ಕಲಸಿಹೋಗುತ್ತದೆ. ಕನ್ನಡ ಲಿಪಿಯಲ್ಲಿ ‘ಫೇರ್’ ಎಂದು ಬರೆದಾಗ ಇಂಗ್ಲಿಷಿನ ಎರಡು ಬೇರೆ ಪದಗಳು ಒಂದೇ ರೂಪಕ್ಕೆ ಬಂದುಬಿಡುತ್ತವೆ. ಎಫ್, ಎ, ಐ, ಆರ್ ಅಕ್ಷರಗಳ ಫೇರ್ ಒಂದು. ಎಫ್, ಎ, ಆರ್, ಇ ಅಕ್ಷರಗಳ ಫೇರ್ ಇನ್ನೊಂದು. ಎರಡನೆಯದು ಬಸ್ಸು, ರೈಲಿನ ಪ್ರಯಾಣ ದರ. ಉಚ್ಚಾರ ಒಂದೇ, ಕಾಗುಣಿತ ಬೇರೆ. ಆ ಎರಡನೆಯ ಪದ ನಮ್ಮ ಹೋಲಿಕೆಯಲ್ಲಿ ಬರುವುದೇ ಇಲ್ಲ.

ಇನ್ನೊಂದು ತೊಡಕು ನಮ್ಮ ಬಾಯಲ್ಲೇ ಇದೆ. ಕನ್ನಡ ಮಾತಾಡುವಾಗ ಈ ಪದಗಳನ್ನು ನಾವು ದಿನಾ ಬಳಸುತ್ತೇವೆ. ‘ಲೈಬ್ರರಿ ಪುಸ್ತಕ ತಡವಾಯ್ತು, ಫೈನ್ ಕಟ್ಟಿದೆ’ ಅನ್ನುತ್ತೇವೆ. ‘ಫೇರ್ ಬುಕ್‌ನಲ್ಲಿ ಬರಿ’ ಅನ್ನುತ್ತೇವೆ. ‘ಇದು ಫೇರ್ ಅಲ್ಲ’ ಅನ್ನುತ್ತೇವೆ. ಹೀಗೆ ಕನ್ನಡದೊಳಗೆ ಬಂದಿರುವುದು ಆ ಪದಗಳ ಎರಡು ಮೂರು ಅರ್ಥಗಳು ಮಾತ್ರ. ಉಳಿದವು ಇಂಗ್ಲಿಷಿನಲ್ಲೇ ಉಳಿದಿವೆ. ಪದ ಪರಿಚಯದ್ದು ಅನ್ನಿಸುವುದರಿಂದ ನಾವು ನಿಘಂಟು ತೆರೆಯುವುದೇ ಇಲ್ಲ. ನನಗೆ ಆದದ್ದೂ ಅದೇ. ಗೊತ್ತಿಲ್ಲದ ಪದಕ್ಕಿಂತ ಅರ್ಧ ಗೊತ್ತಿರುವ ಪದ ಜಾಸ್ತಿ ದಾರಿ ತಪ್ಪಿಸುತ್ತದೆ.

ನಿಘಂಟಿಗಿಂತ ಮುಂಚೆ ವಾಕ್ಯಗಳನ್ನು ಕೂಡಿಹಾಕಿ

ಒಂದು ಹಾಳೆ ತೆಗೆದುಕೊಂಡು ನಡುವೆ ಗೆರೆ ಎಳೆಯಿರಿ. ಎಡಗಡೆ ಫೇರ್, ಬಲಗಡೆ ಫೈನ್. ನೀವು ಓದಿದ್ದು, ಕೇಳಿದ್ದು, ನೆನಪಿಗೆ ಬಂದದ್ದು ಎಲ್ಲವನ್ನೂ ಬರೆಯುತ್ತಾ ಹೋಗಿ. ಒಂಟಿ ಪದ ಬೇಡ, ಅದರ ಜೊತೆಗೆ ಬರುವ ಪದವೂ ಇರಲಿ. ನನ್ನ ಹಾಳೆಯ ಎಡಗಡೆ ಬಂದದ್ದು ಇವು: ಫೇರ್ ಪ್ಲೇ, ಫೇರ್ ಪ್ರೈಸ್, ಫೇರ್ ಹೇರ್, ಫೇರ್ ವೆದರ್, ಫೇರ್ ಕಾಪಿ, ಬುಕ್ ಫೇರ್, ಎ ಫೇರ್ ಚಾನ್ಸ್, ಫೇರ್ ಎನಫ್. ಬಲಗಡೆ: ಫೈನ್ ಡಸ್ಟ್, ಫೈನ್ ಪ್ರಿಂಟ್, ಫೈನ್ ಆರ್ಟ್ಸ್, ಫೈನ್ ವೆದರ್, ಫೈನ್ ಹೇರ್, ಫೈನ್ ಗೋಲ್ಡ್, ಫೈನ್ ಲೆಗ್, ಐ ಆ್ಯಮ್ ಫೈನ್, ಮತ್ತೆ ತಪ್ಪಿಗೆ ಕಟ್ಟುವ ಫೈನ್.

ಜೊತೆ ಪದ ಯಾಕೆ ಬೇಕು ಅಂದರೆ ಅರ್ಥ ಇರುವುದೇ ಆ ಜೋಡಣೆಯಲ್ಲಿ. ನಮ್ಮ ‘ಹೊಡೆ’ ಪದವನ್ನೇ ನೋಡಿ. ಬಣ್ಣ ಹೊಡೆಯುತ್ತೇವೆ, ಗೊರಕೆ ಹೊಡೆಯುತ್ತೇವೆ, ಹರಟೆ ಹೊಡೆಯುತ್ತೇವೆ, ಸೈಕಲ್ ಚಕ್ರಕ್ಕೆ ಗಾಳಿ ಹೊಡೆಯುತ್ತೇವೆ. ‘ಹೊಡೆ ಅಂದರೆ ಏನು?’ ಎಂದು ಬರೀ ಪದವನ್ನಷ್ಟೇ ಹಿಡಿದು ಕೇಳಿದರೆ ಏನು ಹೇಳುವುದು? ಜೊತೆಗೆ ಗೊರಕೆ ಬಂದ ಕೂಡಲೇ ಮಗುವಿಗೂ ಗೊತ್ತಾಗುತ್ತದೆ. ಇಂಗ್ಲಿಷಿನವರಿಗೆ ಫೇರ್, ಫೈನ್ ಕೂಡ ಹಾಗೆಯೇ.

ಹತ್ತು ಹದಿನೈದು ಜೋಡಣೆಗಳು ಸಿಕ್ಕಿದರೆ ಸಾಕು. ಆಮೇಲೆ ನಿಘಂಟು ತೆರೆಯಿರಿ.

ನಿಘಂಟಿನಲ್ಲಿ ಏನು ನೋಡಬೇಕು

ಮೊದಲು ಮುಖ್ಯ ನಮೂದುಗಳನ್ನು ಎಣಿಸಿ. ಒಳ್ಳೆಯ ನಿಘಂಟುಗಳಲ್ಲಿ ಕೆಲವು ಪದಗಳ ತಲೆಯ ಮೇಲೆ ಚಿಕ್ಕದಾಗಿ 1, 2 ಎಂದು ಇರುತ್ತದೆ. ಕಾಗುಣಿತ ಒಂದೇ ಆದರೂ ಅವು ಬೇರೆ ಬೇರೆ ಪದಗಳಾಗಿರಬಹುದು ಎಂಬುದಕ್ಕೆ ಅದು ಸೂಚನೆ. ಒಂದೇ ಪದದ ಹಲವು ಅರ್ಥಗಳಾದರೆ ಒಂದೇ ನಮೂದಿನ ಕೆಳಗೆ ಸಾಲಾಗಿ ಬರುತ್ತವೆ. ಈ ಎರಡನ್ನು ಬೇರೆ ಮಾಡಿಕೊಳ್ಳುವುದು ಬಹಳ ಮುಖ್ಯ. ಕನ್ನಡದಲ್ಲಿ ‘ಹತ್ತು ಜನ’ ಅನ್ನುವ ಹತ್ತು, ‘ಮೆಟ್ಟಿಲು ಹತ್ತು’ ಅನ್ನುವ ಹತ್ತು ಎರಡು ಬೇರೆ ಪದಗಳು, ಕಾಕತಾಳೀಯವಾಗಿ ಒಂದೇ ಥರ ಕೇಳಿಸುತ್ತವೆ ಅಷ್ಟೇ. ‘ಮೆಟ್ಟಿಲು ಹತ್ತು’, ‘ಬೆಂಕಿ ಹತ್ತಿತು’ ಎರಡರಲ್ಲಿರುವುದು ಮಾತ್ರ ಒಂದೇ ಪದ, ಅರ್ಥ ಕವಲೊಡೆದಿದೆ.

ಫೇರ್ ಮತ್ತು ಫೈನ್ ಜೋಡಿಯನ್ನು ನಾನು ಇಷ್ಟಪಡುವುದು ಇದೇ ಕಾರಣಕ್ಕೆ. ಫೇರ್‌ನಲ್ಲಿ ಎರಡು ಬೇರುಗಳಿವೆ. ನ್ಯಾಯ, ತಿಳಿ ಬಣ್ಣ, ಒಳ್ಳೆ ಹವೆ ಅನ್ನುವ ಫೇರ್ ಹಳೆಯ ಇಂಗ್ಲಿಷಿನದೇ ಪದ. ಅದರ ಮೊದಲ ಅರ್ಥ ಚೆಲುವು. ಚೆಲುವಾದದ್ದು ಕಲೆ ಇಲ್ಲದ್ದು, ಕಲೆ ಇಲ್ಲದ ನಡತೆ ನೇರವಾದದ್ದು, ನೇರವಾದದ್ದು ನ್ಯಾಯದ್ದು ಎಂದು ಅದು ಹಬ್ಬಿಕೊಂಡಿದೆ. ಬುಕ್ ಫೇರ್ ಅನ್ನುವ ಮೇಳದ ಫೇರ್‌ಗೆ ಇದರ ಸಂಬಂಧವೇ ಇಲ್ಲ. ಅದು ಲ್ಯಾಟಿನ್‌ನ ‘ಫೆರಿಯೆ’ ಪದದಿಂದ ಫ್ರೆಂಚ್ ಮೂಲಕ ಬಂದದ್ದು. ಫೆರಿಯೆ ಅಂದರೆ ಹಬ್ಬದ, ಬಿಡುವಿನ ದಿನಗಳು.

ಫೈನ್ ಇದಕ್ಕೆ ತದ್ವಿರುದ್ಧ. ‘ಚೆನ್ನಾಗಿದೆ’ ಅನ್ನುವ ಫೈನ್‌ಗೂ ‘ದಂಡ’ ಅನ್ನುವ ಫೈನ್‌ಗೂ ಏನೇನೂ ಸಂಬಂಧ ಇಲ್ಲ ಅನ್ನಿಸುತ್ತದೆ ಅಲ್ವಾ? ಆದರೆ ಹಿಂದಕ್ಕೆ ಹೋದರೆ ಎರಡೂ ಒಂದೇ ಕಡೆ ಮುಟ್ಟುತ್ತವೆ, ಲ್ಯಾಟಿನ್‌ನ ‘ಫಿನಿಸ್’. ಫಿನಿಸ್ ಅಂದರೆ ಕೊನೆ, ಎಲ್ಲೆ. ಕೊನೆಯವರೆಗೆ ತಿದ್ದಿ ತೀಡಿ ಮುಗಿಸಿದ್ದು ಉತ್ತಮವಾದದ್ದು, ಅದು ಒಂದು ಫೈನ್. ಜಗಳವನ್ನು ಕೊನೆಗಾಣಿಸಲು ಕೊಡುವ ಹಣ ಇನ್ನೊಂದು ಫೈನ್. ಫಿನಿಶ್, ಫೈನಲ್, ರಿಫೈನ್, ಫೈನಾನ್ಸ್ ಎಲ್ಲ ಇದೇ ಬಳ್ಳಿಯವು. ಇದು ನನಗೆ ಮೊದಲ ಸಲ ತಿಳಿದಾಗ ಆದ ಖುಷಿ ಇನ್ನೂ ನೆನಪಿದೆ.

ಅರ್ಥಗಳ ಕ್ರಮದ ಬಗ್ಗೆ ಒಂದು ಎಚ್ಚರಿಕೆ. ಎಲ್ಲ ನಿಘಂಟುಗಳೂ ಒಂದೇ ಕ್ರಮದಲ್ಲಿ ಜೋಡಿಸುವುದಿಲ್ಲ. 1884ರಲ್ಲಿ ಮೊದಲ ಕಂತು ಹೊರಬಂದು 1928ರಲ್ಲಿ ಪೂರ್ತಿಯಾದ ಆಕ್ಸ್‌ಫರ್ಡ್ ಇಂಗ್ಲಿಷ್ ನಿಘಂಟು ಚರಿತ್ರೆಯ ಕ್ರಮ ಅನುಸರಿಸುತ್ತದೆ, ಅಂದರೆ ಹಳೆಯ ಅರ್ಥ ಮೊದಲು. ಕಲಿಯುವವರಿಗೆಂದೇ ಮಾಡಿದ ನಿಘಂಟುಗಳು ಸಾಮಾನ್ಯವಾಗಿ ಇವತ್ತು ಹೆಚ್ಚು ಬಳಕೆಯಲ್ಲಿರುವ ಅರ್ಥವನ್ನು ಮೇಲೆ ಇಡುತ್ತವೆ. ಹಾಗಾಗಿ ಒಂದು ಪದವನ್ನು ಒಂದು ನಿಘಂಟಿನಲ್ಲಿ, ಇನ್ನೊಂದನ್ನು ಬೇರೆಯದರಲ್ಲಿ ನೋಡಿ ಹೋಲಿಸಬೇಡಿ. ಎರಡನ್ನೂ ಒಂದೇ ನಿಘಂಟಿನಲ್ಲಿ ನೋಡಿ.

ಪ್ರತಿ ಅರ್ಥಕ್ಕೂ ವಿರುದ್ಧ ಪದ ಹುಡುಕಿ

ಅರ್ಥಗಳನ್ನು ಬಿಡಿಸಲು ನನಗೆ ಗೊತ್ತಿರುವ ಅತಿ ಒಳ್ಳೆಯ ಸಾಧನ ಇದು. ಜೋಡಣೆ ಒಂದೊಂದನ್ನೂ ಎತ್ತಿಕೊಂಡು ‘ಇದಲ್ಲದಿದ್ದರೆ ಇನ್ನೇನು?’ ಎಂದು ಕೇಳಿ.

ಫೇರ್ ಪ್ರೈಸ್ ಅಲ್ಲದಿದ್ದರೆ ಅನ್‌ಫೇರ್ ಪ್ರೈಸ್. ಫೇರ್ ಹೇರ್ ಅಲ್ಲದಿದ್ದರೆ? ಅನ್‌ಫೇರ್ ಹೇರ್ ಎಂದು ಯಾರೂ ಅನ್ನುವುದಿಲ್ಲ, ಡಾರ್ಕ್ ಹೇರ್ ಅನ್ನುತ್ತಾರೆ. ಫೇರ್ ಕಾಪಿಗೆ ಎದುರು ರಫ್ ಕಾಪಿ. ಫೇರ್ ಪ್ಲೇಗೆ ಫೌಲ್ ಪ್ಲೇ. ಬೇಸ್‌ಬಾಲ್‌ನಲ್ಲಿ ಫೇರ್ ಬಾಲ್, ಫೌಲ್ ಬಾಲ್ ಎಂದಿವೆ, ಅಲ್ಲಿ ನ್ಯಾಯ ಅನ್ಯಾಯದ ಮಾತಿಲ್ಲ. ಹೊಡೆದ ಚೆಂಡು ಗೆರೆಗಳ ಒಳಗಿತ್ತೋ ಹೊರಗಿತ್ತೋ ಅಷ್ಟೇ. ಒಂದು ಪದಕ್ಕೆ ನಾಲ್ಕು ಬೇರೆ ವಿರುದ್ಧ ಪದಗಳು ಬಂದವು, ಅಂದರೆ ಕಡಿಮೆ ಎಂದರೂ ನಾಲ್ಕು ಅರ್ಥಗಳಿವೆ.

ಈಗ ಫೈನ್. ಫೈನ್ ಪೌಡರ್‌ಗೆ ಎದುರು ಕೋರ್ಸ್ ಪೌಡರ್, ನುಣುಪು ಮತ್ತು ತರಿ. ಫೈನ್ ಥ್ರೆಡ್‌ಗೆ ಥಿಕ್ ಥ್ರೆಡ್, ತೆಳು ಮತ್ತು ದಪ್ಪ. ಫೈನ್ ಲೆಗ್ ಅಂದಾಗ ಕ್ರಿಕೆಟ್ ನೋಡುವವರಿಗೆ ಸ್ಕ್ವೇರ್ ಲೆಗ್ ನೆನಪಾಗುತ್ತದೆ. ಬ್ಯಾಟ್ಸ್‌ಮನ್ ಹಿಂದೆ, ಎರಡು ವಿಕೆಟ್‌ಗಳನ್ನು ಕೂಡಿಸುವ ಗೆರೆಗೆ ಹತ್ತಿರವಾದಷ್ಟೂ ಅದು ಫೈನ್. ಗೆರೆಯಿಂದ ಪಕ್ಕಕ್ಕೆ ಸರಿದಷ್ಟೂ ಸ್ಕ್ವೇರ್. ‘ಚೆನ್ನಾಗಿರುವ ಲೆಗ್’ ಎಂದು ಎಣಿಸಿದವರಿಗೆ ಆ ಹೆಸರು ಯಾವತ್ತೂ ಅರ್ಥವಾಗುವುದಿಲ್ಲ. ಕೋನ ಸಣ್ಣದು ಎಂಬ ಎಳೆ ಹಿಡಿದರೆ ಥಟ್ಟನೆ ಅರ್ಥವಾಗುತ್ತದೆ. ದಂಡದ ಫೈನ್‌ಗೆ ವಿರುದ್ಧ ಪದವೇ ಸರಿಯಾಗಿ ಸಿಗುವುದಿಲ್ಲ. ಹಾಗೆ ಸಿಗದಿರುವುದೂ ಒಂದು ಸುಳಿವೇ, ಅದು ಬೇರೆ ಜಾತಿಯ ಪದ, ನಾಮಪದ.

ವಿರುದ್ಧ ಪದ ಸಿಗದ ಕಡೆ ಮರಿ ಪದ ನೋಡಿ. ಫೇರ್‌ನಿಂದ ಫೇರ್‌ನೆಸ್ ಬರುತ್ತದೆ, ಅದು ನ್ಯಾಯಕ್ಕೂ ಆಗುತ್ತದೆ, ತಿಳಿ ಬಣ್ಣಕ್ಕೂ ಆಗುತ್ತದೆ. ಫೈನ್‌ನಿಂದ ಫೈನ್‌ನೆಸ್ ಬರುತ್ತದೆ, ಅದು ಚಿನ್ನದ ಶುದ್ಧತೆ ಹೇಳುವಾಗ ಮುಖ್ಯ ಪದ. ಸಾವಿರ ಭಾಗದಲ್ಲಿ ಎಷ್ಟು ಭಾಗ ಅಪ್ಪಟ ಚಿನ್ನ ಎಂಬ ಲೆಕ್ಕ ಅದು. 22 ಕ್ಯಾರಟ್ ಅಂದರೆ 24ರಲ್ಲಿ 22 ಪಾಲು, ಸಾವಿರಕ್ಕೆ 916. ಒಡವೆಯ ಮೇಲೆ ಕಾಣುವ ಸಂಖ್ಯೆ ಅದೇ. ಆದರೆ ‘ಐ ಆ್ಯಮ್ ಫೈನ್’ ಎಂದವರ ಆರೋಗ್ಯಕ್ಕೆ ಫೈನ್‌ನೆಸ್ ಎಂದು ಹೇಳುವಂತಿಲ್ಲ. ಹೀಗೆ ಒಂದು ಅರ್ಥಕ್ಕೆ ಹುಟ್ಟುವ ಮರಿ ಪದ ಇನ್ನೊಂದಕ್ಕೆ ಹುಟ್ಟದಿದ್ದರೆ ಆ ಎರಡು ಅರ್ಥಗಳನ್ನು ಹಾಳೆಯಲ್ಲಿ ಬೇರೆ ಬೇರೆ ಸಾಲಿಗೆ ಹಾಕಿ.

ಎರಡೂ ಒಂದೇ ಪದದ ಪಕ್ಕ ಬರುವ ಜಾಗ

ಈಗ ಹಾಳೆಯ ಎರಡೂ ಬದಿ ನೋಡಿ. ಒಂದು ಕಡೆ ಮಾತ್ರ ಇರುವವನ್ನು ಬದಿಗಿಡಿ. ಮೇಳ ಫೇರ್‌ಗೆ ಮಾತ್ರ, ದಂಡ ಫೈನ್‌ಗೆ ಮಾತ್ರ, ಅಲ್ಲಿ ಹೋಲಿಸಲು ಏನಿಲ್ಲ. ಒಂದೇ ಪದದ ಪಕ್ಕ ಎರಡೂ ಬಂದು ಕೂರುವ ಕಡೆ ನಿಲ್ಲಿ. ಅಲ್ಲಿ ಒಂದನ್ನು ತೆಗೆದು ಇನ್ನೊಂದನ್ನು ಇಟ್ಟು ನೋಡಿ.

ಕೂದಲಿನಿಂದ ಶುರು ಮಾಡೋಣ. ಫೇರ್ ಹೇರ್ ಅಂದರೆ ತಿಳಿ ಬಣ್ಣದ, ಹೊಂಬಣ್ಣದ ಕೂದಲು. ಫೈನ್ ಹೇರ್ ಅಂದರೆ ಎಳೆ ಎಳೆಯೂ ತೆಳುವಾಗಿರುವ ಕೂದಲು. ಒಂದು ಬಣ್ಣದ ಮಾತು, ಇನ್ನೊಂದು ಗಾತ್ರದ ಮಾತು. ಕಡು ಕಪ್ಪು ಕೂದಲೂ ಫೈನ್ ಆಗಿರಬಹುದು. ಅನುವಾದಗಳಲ್ಲಿ ಎರಡಕ್ಕೂ ‘ಸುಂದರ ಕೂದಲು’ ಎಂದು ಬರೆದಿರುವುದನ್ನು ನೋಡಿದ್ದೇನೆ. ಓದುವವರಿಗೆ ಬಣ್ಣವೂ ಸಿಗಲಿಲ್ಲ, ಎಳೆಯೂ ಸಿಗಲಿಲ್ಲ.

ನ್ಯಾಯಾಧೀಶರ ವಿಷಯಕ್ಕೆ ಬಂದರೆ, ಎ ಫೇರ್ ಜಡ್ಜ್ ಅಂದರೆ ಪಕ್ಷಪಾತ ಮಾಡದವರು. ಎ ಫೈನ್ ಜಡ್ಜ್ ಅಂದರೆ ತಮ್ಮ ಕೆಲಸದಲ್ಲಿ ಬಹಳ ನಿಪುಣರು. ಮೊದಲನೆಯದು ನಡತೆಗೆ ಸಿಕ್ಕ ಮೆಚ್ಚುಗೆ, ಎರಡನೆಯದು ಕಸುಬಿಗೆ ಸಿಕ್ಕ ಮೆಚ್ಚುಗೆ.

ಹವೆಯಲ್ಲಿ ಮಾತ್ರ ಎರಡೂ ತೀರಾ ಹತ್ತಿರ ಬರುತ್ತವೆ. ಫೇರ್ ವೆದರ್, ಫೈನ್ ವೆದರ್ ಎರಡರಲ್ಲೂ ಮಳೆ ಇಲ್ಲ, ಬಿರುಗಾಳಿ ಇಲ್ಲ. ಹಾಗಾದರೆ ವ್ಯತ್ಯಾಸ ಇಲ್ಲವೇ? ಇದೆ, ಅದು ಅರ್ಥದಲ್ಲಲ್ಲ, ವಾಸದಲ್ಲಿ. ಬಾಯಿಮಾತಿನಲ್ಲಿ ಫೈನ್ ಜಾಸ್ತಿ. ಫೇರ್ ಹೆಚ್ಚಾಗಿ ಹವಾಮಾನ ವರದಿಯ, ಉಪಕರಣಗಳ ಪದ. ಗೋಡೆಗೆ ತೂಗುಹಾಕುವ ಹಳೆಯ ವಾಯುಭಾರ ಮಾಪಕದ ಮುಖ ನೋಡಿದ್ದೀರಾ? ಗಡಿಯಾರದ ಹಾಗೆ ದುಂಡಗೆ ಇರುತ್ತದೆ. ಎಡದಿಂದ ಬಲಕ್ಕೆ ಸ್ಟಾರ್ಮಿ, ರೇನ್, ಚೇಂಜ್, ಫೇರ್, ವೆರಿ ಡ್ರೈ ಎಂದು ಅಕ್ಷರ ಕೊರೆದಿರುತ್ತಾರೆ. ಒತ್ತಡ ಏರಿದಂತೆ ಮುಳ್ಳು ಫೇರ್ ಕಡೆಗೆ ತಿರುಗುತ್ತದೆ. ಅಲ್ಲಿ ಫೈನ್ ಎಂದು ಕೊರೆಯುವ ರೂಢಿ ಇಲ್ಲ. ಕಷ್ಟ ಬಂದ ಕೂಡಲೇ ಕೈಬಿಡುವ ಗೆಳೆಯನಿಗೆ ಫೇರ್-ವೆದರ್ ಫ್ರೆಂಡ್ ಅನ್ನುತ್ತಾರೆ, ಅಲ್ಲೂ ಫೈನ್ ಇಡಲು ಬರುವುದಿಲ್ಲ. ಗಟ್ಟಿಯಾಗಿ ಕೂಡಿಕೊಂಡ ನುಡಿಗಟ್ಟಿನಲ್ಲಿ ಅದಲುಬದಲು ನಡೆಯುವುದಿಲ್ಲ.

ಬದಲಾಯಿಸಿ ನೋಡುವಾಗ ಒಂದೇ ಪದ ತನ್ನೊಳಗೇ ಎರಡಾಗಿ ಒಡೆಯುವುದೂ ಉಂಟು. ‘ಅವಳಿಗೆ ಗೆಲ್ಲುವ ಫೇರ್ ಚಾನ್ಸ್ ಇದೆ’ ಅಂದರೆ ಸಾಕಷ್ಟು ಸಾಧ್ಯತೆ ಇದೆ ಎಂದು. ‘ಅವಳಿಗೆ ಫೇರ್ ಚಾನ್ಸ್ ಕೊಡಿ’ ಅಂದರೆ ಎಲ್ಲರಿಗೂ ಕೊಟ್ಟಂಥ ನ್ಯಾಯವಾದ ಅವಕಾಶ ಕೊಡಿ ಎಂದು. ಪದಗಳು ಅವೇ, ಕ್ರಿಯಾಪದ ಬದಲಾದ ಮಾತ್ರಕ್ಕೆ ಅರ್ಥ ಹೊರಳಿತು.

ದರ್ಜೆಯ ಏಣಿ ಯಾವುದು ಎಂದು ಕೇಳಿ

ಎರಡೂ ಪದಗಳು ಗುಣಮಟ್ಟದ ದರ್ಜೆಗಳಾಗಿ ಬಂದಾಗ ನಿಘಂಟು ಒಂದರಿಂದಲೇ ಕೆಲಸ ಆಗುವುದಿಲ್ಲ. ಆ ಕಸುಬಿನವರ ಏಣಿ ನಿಮಗೆ ಸಿಗಬೇಕು. ಹಳೆ ಪುಸ್ತಕಗಳಲ್ಲಿ ಫೈನ್ ಅಂದರೆ ಮೇಲಿನಿಂದ ಎರಡನೆಯದು, ಹೆಚ್ಚುಕಡಿಮೆ ಹೊಸದರಂತೆ. ಅದನ್ನೇ ನಂಬಿಕೊಂಡು ಹಳೆ ನಾಣ್ಯ ಕೊಳ್ಳಲು ಹೋದರೆ ಮತ್ತೆ ಏಟು ಬೀಳುತ್ತದೆ. ನಾಣ್ಯ ಸಂಗ್ರಹಿಸುವವರು ಬಳಸುವ 1ರಿಂದ 70ರ ಅಳತೆ ಇದೆ, 1949ರಲ್ಲಿ ವಿಲಿಯಂ ಶೆಲ್ಡನ್ ರೂಪಿಸಿದ ಅಳತೆಯಿಂದ ಬೆಳೆದದ್ದು. ಅದರಲ್ಲಿ ಫೇರ್‌ಗೆ 2, ಗುಡ್‌ಗೆ 4, ಫೈನ್‌ಗೆ 12. ಬಳಕೆಗೇ ಬಾರದ ಹೊಸ ನಾಣ್ಯ ಶುರುವಾಗುವುದು 60ರಿಂದ. ಅಂದರೆ ಫೈನ್ ನಾಣ್ಯ ಚೆನ್ನಾಗಿಯೇ ಸವೆದಿರುತ್ತದೆ.

ಇಲ್ಲೊಂದು ವಿಷಯ ಗಮನಿಸಿ. ಎರಡೂ ಏಣಿಗಳಲ್ಲಿ ಫೇರ್ ಕೆಳಗಿದೆ, ಫೈನ್ ಅದಕ್ಕಿಂತ ಮೇಲಿದೆ. ಆ ಮೇಲು ಕೆಳಗು ಬದಲಾಗಲಿಲ್ಲ. ಬದಲಾದದ್ದು ಏಣಿಯ ಉದ್ದ. ಆದ್ದರಿಂದ ದರ್ಜೆಯ ಪದ ಕಂಡರೆ ಅದರ ಮೇಲೆ ಎಷ್ಟು ಮೆಟ್ಟಿಲಿವೆ, ಕೆಳಗೆ ಎಷ್ಟಿವೆ ಎಂದು ಎಣಿಸಿ ಪಕ್ಕದಲ್ಲಿ ಬರೆದುಕೊಳ್ಳಿ.

ಅಮೆರಿಕದ ಆಸ್ಪತ್ರೆಗಳು ರೋಗಿಯ ಸ್ಥಿತಿ ಹೇಳುವಾಗ ಗುಡ್, ಫೇರ್, ಸೀರಿಯಸ್, ಕ್ರಿಟಿಕಲ್ ಎಂದು ಬಳಸುತ್ತವೆ. ಅಲ್ಲಿ ಫೇರ್ ಅಂದರೆ ನಾಡಿ, ಉಸಿರು, ರಕ್ತದೊತ್ತಡ ಸ್ಥಿರವಾಗಿವೆ, ಎಚ್ಚರ ಇದೆ, ಆದರೆ ನೋವು ಸಂಕಟ ಇರಬಹುದು ಎಂದು. ಅದೇ ರೋಗಿ ‘ಐ ಆ್ಯಮ್ ಫೈನ್’ ಎಂದರೆ ಅದು ದರ್ಜೆಯಲ್ಲ, ನೋಡಲು ಬಂದವರ ಆತಂಕ ಇಳಿಸುವ ಮಾತು.

ಮಾತುಕತೆಯಲ್ಲಿ

ಒಪ್ಪಿಗೆ ಸೂಚಿಸುವಾಗಲೂ ಇವೆರಡು ಎದುರಾಗುತ್ತವೆ. ಗೆಳತಿ ಒಬ್ಬಳು ‘ಇವತ್ತು ಬರಕ್ಕಾಗಲ್ಲ, ಕೆಲಸ ಮುಗಿದಿಲ್ಲ’ ಅನ್ನುತ್ತಾಳೆ ಎಂದುಕೊಳ್ಳಿ. ‘ಫೇರ್ ಎನಫ್’ ಎಂದರೆ ಅವಳು ಕೊಟ್ಟ ಕಾರಣವನ್ನು ತೂಗಿ ನೋಡಿ ಒಪ್ಪಿದ ಹಾಗೆ. ಕನ್ನಡದಲ್ಲಿ ‘ಅದೂ ಸರಿನೇ’. ಬರೀ ‘ಫೈನ್’ ಎಂದರೆ ಕಾರಣದ ಮಾತೇ ಇಲ್ಲ, ಒಪ್ಪಿಗೆ ಮಾತ್ರ. ದನಿ ಮೆತ್ತಗಿದ್ದರೆ ಅದು ‘ಸರಿ, ಆಯ್ತು’. ದನಿ ಬಿಗಿಯಾಗಿದ್ದರೆ ‘ಆಯ್ತು ಬಿಡು’. ಆ ‘ಬಿಡು’ವಿನಲ್ಲಿ ಇರುವ ಮುನಿಸು ಇಂಗ್ಲಿಷಿನ ಒಂಟಿ ಫೈನ್‌ನಲ್ಲೂ ಇರುತ್ತದೆ. ಮೆಸೇಜಿನಲ್ಲಿ ದನಿ ಕೇಳಿಸದ ಕಾರಣ ಇದರಿಂದ ಎಷ್ಟೋ ಮನಸ್ತಾಪ ಆಗುತ್ತವೆ. ಬರೆಯುವಾಗ ಅದರ ಜೊತೆ ಇನ್ನೊಂದೆರಡು ಪದ ಸೇರಿಸುವುದು ಒಳ್ಳೆಯದು ಎಂದು ನನ್ನ ಅಭಿಪ್ರಾಯ.

ಏನಾದರೂ ಬೇಕಾ ಎಂದು ಕೇಳಿದಾಗ ‘ಐ ಆ್ಯಮ್ ಫೈನ್’ ಎಂದರೆ ‘ನಾನು ಚೆನ್ನಾಗಿದ್ದೇನೆ’ ಎಂದಲ್ಲ, ‘ಬೇಡ’ ಎಂದು. ಇಂಥ ಕಡೆ ಪದಕ್ಕಿಂತ ಹಿಂದಿನ ಪ್ರಶ್ನೆ ಮುಖ್ಯ. ನಿಮ್ಮ ಹಾಳೆಯಲ್ಲಿ ಪ್ರಶ್ನೆಯನ್ನೂ ಬರೆದುಕೊಳ್ಳಿ.

ಕೊನೆಗೆ ಕನ್ನಡದಲ್ಲಿ ಬರೆದಿಡಿ

ಪ್ರತಿ ಅರ್ಥಕ್ಕೂ ಒಂದು ಕನ್ನಡ ಪದ ಇಡಿ, ಒಂದೇ ಪದವನ್ನು ಎರಡು ಸಾಲಿನಲ್ಲಿ ಇಡಬೇಡಿ. ಇದು ಕಷ್ಟ, ಆದರೆ ಹೋಲಿಕೆ ಗಟ್ಟಿಯಾಗುವುದು ಇಲ್ಲೇ. ನನ್ನ ಹಾಳೆಯಲ್ಲಿ ಫೇರ್ ಹೀಗಾಯಿತು: ನ್ಯಾಯದ, ತಿಳಿ ಬಣ್ಣದ, ಶುಭ್ರವಾಗಿ ಬರೆದ, ತಿಳಿಯಾದ (ಹವೆ), ಸಾಧಾರಣ (ದರ್ಜೆ), ಸಾಕಷ್ಟು (ಪ್ರಮಾಣ), ಮೇಳ. ಫೈನ್ ಹೀಗೆ: ನುಣುಪಾದ (ಪುಡಿ), ತೆಳುವಾದ (ಎಳೆ), ಸೂಕ್ಷ್ಮ (ವ್ಯತ್ಯಾಸ), ಅಪ್ಪಟ (ಲೋಹ), ನುರಿತ (ವ್ಯಕ್ತಿ), ಹಿತವಾದ (ಹವೆ), ಆಯ್ತು, ಬೇಡ, ದಂಡ.

‘ತಿಳಿಯಾದ’ ಮತ್ತು ‘ಹಿತವಾದ’ ಹವೆಗೆ ನಾನು ತುಂಬ ಹೊತ್ತು ಯೋಚಿಸಬೇಕಾಯಿತು. ಎರಡನ್ನೂ ‘ಒಳ್ಳೆಯ ಹವೆ’ ಎಂದು ಬರೆದು ಮುಗಿಸಬಹುದಿತ್ತು. ಆದರೆ ಮಾಪಕದ ಮುಳ್ಳು ಹೇಳುವುದು ಆಕಾಶದ ಸ್ಥಿತಿ, ‘ವಾಟ್ ಎ ಫೈನ್ ಡೇ’ ಎಂದವರು ಹೇಳುವುದು ತಮಗೆ ಏನನ್ನಿಸಿತು ಎಂದು. ಆ ಎಳೆ ಉಳಿಯಲಿ ಎಂದು ಎರಡು ಪದ ಇಟ್ಟೆ. ನಿಮಗೆ ಇನ್ನೂ ಒಳ್ಳೆಯ ಪದ ಸಿಕ್ಕರೆ ಅದನ್ನೇ ಇಡಿ.

ಮೊದಲ ಜೋಡಿಗೆ ಒಂದು ಸಂಜೆ ಬೇಕಾಗುತ್ತದೆ. ಮುಂದಿನವು ಬೇಗ ಆಗುತ್ತವೆ. ಕ್ಲಿಯರ್ ಮತ್ತು ಪ್ಲೇನ್, ಹಾರ್ಡ್ ಮತ್ತು ಟಫ್, ಈ ಎರಡು ಜೋಡಿಗಳಲ್ಲಿ ಯಾವುದನ್ನಾದರೂ ಎತ್ತಿಕೊಳ್ಳಿ. ಪ್ಲೇನ್ ಆರಿಸಿಕೊಂಡರೆ ಕಾಗುಣಿತ ನೋಡಿಕೊಳ್ಳುವುದನ್ನು ಮರೆಯಬೇಡಿ. ಕನ್ನಡ ಲಿಪಿಯಲ್ಲಿ ಅಲ್ಲೂ ಎರಡು ಪದಗಳು ಒಂದೇ ರೂಪದಲ್ಲಿ ಕಾಣುತ್ತವೆ, ಅದರಲ್ಲಿ ಒಂದು ಆಕಾಶದಲ್ಲಿ ಹಾರುವಂಥದ್ದು.